ಕಿವಿಯಣ್ಣ ಕೇಳಿದ ಮೂರನೆಯ ಸದ್ದು

ಕಿವಿ ದೊಡ್ಡದಿದ್ದುದರಿಂದ ಅವನಿಗೆ ಕಿವಿಯಣ್ಣ ಎಂಬ ಹೆಸರು ಬಂತೆಂದು ಯಾರೂ ತಿಳಿಯಬಾರದು. ಕಿವಿ ಎಲ್ಲರಿಗಿರುವಷ್ಟೇ ಇತ್ತು. ಆದರೆ ನೀರಿನ ಪಂಪು ಕೆಟ್ಟಿದೆಯೆಂದು ಯಾರಾದರೂ ಕರೆದರೆ, ಬೇರೆ ಮೆಕ್ಯಾನಿಕ್‌ಗಳ ಹಾಗೆ ಅವನು ಮೊದಲು ಬೋಲ್ಟಿಗೆ ಕೈ ಹಾಕುತ್ತಿರಲಿಲ್ಲ. ಮೊಳದುದ್ದದ ಸ್ಕ್ರೂಡ್ರೈವರೊಂದನ್ನು ತೆಗೆದು, ಅದರ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಬೇರಿಂಗ್ ಸವೆದಿದ್ದರೆ ಒಂದು ಸದ್ದು, ವಾಲ್ವಿಗೆ ಕಸ ಸಿಕ್ಕಿದ್ದರೆ ಇನ್ನೊಂದು ಸದ್ದು. ಐದು ನಿಮಿಷ ಕೇಳಿ ಎದ್ದವನು ರೋಗ ಹೇಳಿದನೆಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಮೂವತ್ತೊಂದು ವರ್ಷ ಊರಿನ ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯಲ್ಲಿ ಹೀಗೆ ಕುಕ್ಕರುಗಾಲಲ್ಲಿ ಕೂತೇ ಅವನ ಕೂದಲು ನರೆಯಿತು.

ಇಂಥವನಿಗೆ ಸಿಕ್ಕ ಹೆಂಡತಿ ಗ್ರಂಥಾಲಯದ ನೌಕರಿಯವಳು. ಸದ್ದಿನಿಂದ ಹೊಟ್ಟೆ ಹೊರೆಯುವ ಗಂಡ, ಸದ್ದು ಅಡಗಿಸುವುದೇ ಕೆಲಸವಾದ ಹೆಂಡತಿ. ಅವಳು ತುಟಿಯ ಮೇಲೆ ಬೆರಳಿಟ್ಟು "ಶ್" ಎಂದರೆ ಗ್ರಂಥಾಲಯದ ಫ್ಯಾನು ಕೂಡ ಮೆಲ್ಲಗೆ ತಿರುಗುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ಕಿವಿಯಣ್ಣನ ಮಾತು ಅರ್ಧ ದಾಟಿದ್ದೇ ಕಡಿಮೆ. ಅವನಿಗೆ ಅದರ ಬಗ್ಗೆ ದೂರು ಇತ್ತು, ಆದರೆ ಆ ದೂರನ್ನು ಹೇಳಿಕೊಳ್ಳಲೂ ಅವಳು ಬಿಡುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳು ಏಣಿ ಹತ್ತಿ ಮೇಲಿನ ಕಪಾಟಿಗೆ ಪುಸ್ತಕ ಜೋಡಿಸುವಾಗ ಬಲತೊಡೆಯಲ್ಲಿ ಏನೋ ಒತ್ತಿದಂತಾಯಿತು. ಮುಟ್ಟಿ ನೋಡಿದರೆ ನಿಂಬೆಗಾತ್ರದ ಗಂಟು, ಅದೂ ಸ್ನಾಯುವಿನೊಳಗೆ. ದೊಡ್ಡ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಮೂಳೆ-ಸ್ನಾಯುಗಳನ್ನು ನೋಡುವ ಡಾಕ್ಟರು ಅದನ್ನು ಕತ್ತರಿಸಿ ತೆಗೆದರು. ಕಿವಿಯಣ್ಣ ಅವರನ್ನು ತೊಡೆ ಡಾಕ್ಟರು ಎಂದೇ ಕರೆಯುತ್ತಿದ್ದ. ಸೀಸೆಯಲ್ಲಿ ತೇಲುತ್ತಿದ್ದ ಬಿಳಿಚಿಕೊಂಡ ಲೋಳೆಮುದ್ದೆಯನ್ನು ತೋರಿಸಿ, "ಸ್ನಾಯುವಿನಲ್ಲಿ ಇಂಥದ್ದು ಬರೋದು ತುಂಬಾ ಅಪರೂಪ. ಆದ್ರೆ ಕೆಟ್ಟ ಗೆಡ್ಡೆ ಅಲ್ಲ, ಮರೆತುಬಿಡಿ" ಎಂದರು. ಅವಳು ಮನೆಗೆ ಬರುವಷ್ಟರಲ್ಲೇ ಮರೆತಳು. ಕಿವಿಯಣ್ಣನಿಗೆ ಮಾತ್ರ ಆ ಮುದ್ದೆ ಎಲ್ಲಿಂದ ಬಂತೆಂಬುದು ತಲೆ ತಿನ್ನುತ್ತಲೇ ಇತ್ತು.

ಆಮೇಲೆ ಒಂದು ಬೆಳಿಗ್ಗೆ ಗ್ರಂಥಾಲಯದಲ್ಲಿ ಅವಳು ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುತ್ತಿದ್ದಾಗ ಬಲಗೈ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಮುದ್ರೆ ಪುಸ್ತಕದ ಮೇಲೆ ಬೀಳದೆ ಮೇಜಿನ ಮೇಲೆ ಬಿತ್ತು, ಆಮೇಲೆ ಎದುರಿಗೆ ನಿಂತಿದ್ದ ಓದುಗನ ಅಂಗಿಯ ತೋಳಿನ ಮೇಲೆ ಬಿತ್ತು. ಆ ಪುಣ್ಯಾತ್ಮ ಇದೇನೋ ಹೊಸ ನಿಯಮವಿರಬೇಕೆಂದು ಇನ್ನೊಂದು ತೋಳನ್ನೂ ಒಡ್ಡಿದ. ಹದಿನೈದು ದಿನದೊಳಗೆ ತನ್ನನ್ನೇ ವಾಪಸು ತಂದೊಪ್ಪಿಸಬೇಕೆಂಬ ತಾರೀಖು ಹೊತ್ತು ಬಾಗಿಲವರೆಗೂ ಹೋದವನು, ಹಿಂದಿನಿಂದ ಒಂದು ಕುರ್ಚಿ ಬಿದ್ದ ಸದ್ದು ಕೇಳಿ ತಿರುಗಿ ಓಡಿಬಂದ. ಅವಳು ನೆಲದ ಮೇಲಿದ್ದಳು. ಬಾಯಿ ಒಂದು ಕಡೆಗೆ ವಾಲಿತ್ತು. ಸುತ್ತ ಸೇರಿದ ಜನ ಗದ್ದಲ ಮಾಡುತ್ತಿದ್ದರು, ಅವಳಿಗೆ "ಶ್" ಎನ್ನಲು ಆಗಲಿಲ್ಲ.

ಆಸ್ಪತ್ರೆಯ ನಾಲ್ಕನೆಯ ಮಹಡಿಯ ತಲೆ ಡಾಕ್ಟರು ಮೆದುಳಿನ ಚಿತ್ರ ತೆಗೆಸಿ, "ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡಿದೆ. ಪಾರ್ಶ್ವವಾಯು, ಆದ್ರೆ ಸಣ್ಣ ಹೊಡೆತ. ಕೈ ನಿಧಾನಕ್ಕೆ ಬರುತ್ತೆ" ಎಂದರು.

"ಯಾಕೆ ಮುಚ್ಕೊಳ್ತು ಸಾರ್?" ಎಂದ ಕಿವಿಯಣ್ಣ.

"ಬಿಪಿ ಇಲ್ಲ, ಶುಗರ್ ಇಲ್ಲ, ಕೊಬ್ಬಿಲ್ಲ. ಕಾರಣ ತಿಳಿಯಲಿಲ್ಲ ಅಂತ ಬರೆದಿದೀವಿ ನೋಡಿ." ಬರೆದ ಮೇಲೆ ತಿಳಿದಷ್ಟೇ ಸಮಾಧಾನ ಅವರಿಗೆ.

ಮನೆಗೆ ಬಂದ ಮೇಲೆ ಅವಳ ತಲೆ ಬಾಚುವುದು, ರವಿಕೆಯ ಗುಂಡಿ ಹಾಕುವುದು ಕಿವಿಯಣ್ಣನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಗುಂಡಿಯೊಂದು ಕೈಗೆ ಸಿಗದೆ ಬಗ್ಗಿದಾಗ ಅವನ ಕಿವಿ ಅವಳ ಬೆನ್ನಿಗೆ ತಾಗಿತು. ಎದೆ ಬಡಿತ ಕೇಳಿಸಿತು. ಲಬ್, ಡಬ್. ಅದರ ಬೆನ್ನಿಗೇ ಇನ್ನೊಂದು, ಒದ್ದೆ ಬಟ್ಟೆ ಬಾಗಿಲಿಗೆ ಬಡಿದ ಹಾಗೆ, ಧುಪ್.

ಅವನು ಎದ್ದು ಹೋಗಿ ಸ್ಕ್ರೂಡ್ರೈವರ್ ತಂದ.

"ರೀ, ಏನದು?" ಅವಳ ನಾಲಿಗೆ ಇನ್ನೂ ತೊದಲುತ್ತಿತ್ತು, ಆದರೆ ಕಣ್ಣು ತೊದಲುತ್ತಿರಲಿಲ್ಲ.

"ಹೆದರ್ಬೇಡ. ಚೂಪಿರೋ ಕಡೆ ನನಗೆ, ಹಿಡಿ ನಿನಗೆ" ಎಂದು, ಮರದ ಹಿಡಿಯನ್ನು ಅವಳ ಎದೆಗೆ ಒತ್ತಿ, ತುದಿಯನ್ನು ತನ್ನ ಕಿವಿಯ ಹಿಂದಿನ ಮೂಳೆಗೆ ಆನಿಸಿದ. ಪ್ರೀತಿಯನ್ನು ತೋರಿಸಲು ಒಬ್ಬೊಬ್ಬರದು ಒಂದೊಂದು ದಾರಿ. ಕೂರಿಸಿ ಕೇಳಿದ, ಮಲಗಿಸಿ ಕೇಳಿದ, ಎಡಮಗ್ಗುಲಿಗೆ ಹೊರಳಿಸಿ ಕೇಳಿದ. ಮಗ್ಗುಲು ಬದಲಿಸಿದರೆ ಸದ್ದೂ ಬದಲಾಗುತ್ತಿತ್ತು.

"ವಾಲ್ವಿನ ಬಾಯಲ್ಲಿ ಏನೋ ನೇತಾಡ್ತಿದೆ ಕಣೆ" ಎಂದ.

"ನಿಮ್ಮ ತಲೆ" ಎಂದಳು ಅವಳು.

ಆದರೆ ಕಿವಿಯಣ್ಣನಿಗೆ ಲೆಕ್ಕ ಸರಿಹೋಗಿತ್ತು. ಪಂಪು ಓಡುತ್ತಿದೆ, ಪೈಪು ಚೆನ್ನಾಗಿದೆ, ಆದರೂ ಮೇಲಿನ ಮಹಡಿಯ ನಲ್ಲಿ ಕಟ್ಟಿಕೊಂಡಿತು ಎಂದರೆ ಕೆಳಗೆ ಏನೋ ಕೊಳೆತು ಚೂರುಚೂರಾಗಿ ಬಿಡುತ್ತಿದೆ ಎಂದೇ ಅರ್ಥ. ತೊಡೆಯಲ್ಲಿ ಇದ್ದಂಥದೇ ಲೋಳೆಮುದ್ದೆ ಎದೆಯಲ್ಲೂ ಇದ್ದರೆ? ಅದರ ಚೂರೊಂದು ಕಿತ್ತುಕೊಂಡು ತಲೆಗೆ ಹೋಗಿ ಕೂತಿದ್ದರೆ? ಹತ್ತು ದಿನ ಕಳೆಯುವಷ್ಟರಲ್ಲಿ ಊಟಕ್ಕೆ ಕೂತಲ್ಲೇ ಅವಳ ತುಟಿ ಮತ್ತೆ ಐದು ನಿಮಿಷ ವಾಲಿತು, ಲೋಟ ಕೈಜಾರಿತು. ಮುಂದಿನ ಚೂರು ದೊಡ್ಡದಿದ್ದರೆ ಅವಳು ಉಳಿಯುವುದಿಲ್ಲವೆಂದು ಅವನಿಗೆ ಖಚಿತವಾಯಿತು.

ತಲೆ ಡಾಕ್ಟರ ಬಳಿಗೆ ಓಡಿದ. ಅವರು ಎಲ್ಲ ಕೇಳಿ, "ನೀವೇನು ಕೆಲಸ ಮಾಡೋದು?" ಎಂದರು.

"ಪಂಪು ರಿಪೇರಿ."

"ಹಾಗಾದ್ರೆ ಪಂಪು ನೋಡ್ಕೊಳ್ಳಿ."

ತೊಡೆ ಡಾಕ್ಟರು, "ತೊಡೆ ಚೆನ್ನಾಗಿದೆಯಲ್ಲ, ಇನ್ನೇನು?" ಎಂದರು. ಐದನೆಯ ಮಹಡಿಯ ಎದೆ ಡಾಕ್ಟರಮ್ಮನನ್ನು ಕಾಣಲು ಹೋದರೆ ಕಿಟಕಿಯಲ್ಲಿದ್ದ ಗುಮಾಸ್ತ, "ತಲೆ ಡಾಕ್ಟರ ಪತ್ರ ಬೇಕು" ಎಂದ. ತಲೆ ಡಾಕ್ಟರು, ಎದೆ ಕೆಟ್ಟಿದೆಯೆಂದು ಎದೆ ಡಾಕ್ಟರು ಬರೆದುಕೊಟ್ಟರೆ ತಾವು ಪತ್ರ ಕೊಡುತ್ತೇವೆಂದರು. ಹೀಗೆ ಒಂದೇ ಹೆಂಗಸು ಆ ಕಟ್ಟಡದಲ್ಲಿ ಮೂರು ಭಾಗವಾಗಿ ಮೂರು ಮಹಡಿಗೆ ಹಂಚಿಹೋಗಿದ್ದಳು. ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುವ ಕಿವಿಯಣ್ಣನೊಬ್ಬನಿಗೆ ಮಾತ್ರ ಅವಳು ಇಡಿಯಾಗಿ ಗೊತ್ತು.

ಅಷ್ಟರಲ್ಲಿ ಆಸ್ಪತ್ರೆಯ ಪಂಪು ಕೆಟ್ಟಿತು. ವಾರ್ಡುಗಳ ನೀರಿಗೆ ಬೇರೆ ಪಂಪು ಇತ್ತು. ಈ ಪಂಪಿನದು ಡಾಕ್ಟರುಗಳ ಕೋಣೆಗಳ ನೀರು ಮಾತ್ರ. ಆಸ್ಪತ್ರೆಯ ಮೆಕ್ಯಾನಿಕ್ ರಜೆಯಲ್ಲಿದ್ದುದರಿಂದ ಮೇಲ್ವಿಚಾರಕ ಫೋನು ಮಾಡಿದ್ದು ಕಿವಿಯಣ್ಣನಿಗೆ. ಅವನು ಬಂದ, ಜೊತೆಗೆ ಹೆಂಡತಿಯನ್ನೂ ಕರೆತಂದ. ಅವಳನ್ನು ಪಂಪಿನ ಕೋಣೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ ಪಂಪಿಗೆ ಕಿವಿ ಕೊಟ್ಟ. ಉಸಿರೇ ಇರಲಿಲ್ಲ. ಸ್ಟಾರ್ಟರಿನ ಒಂದು ತಂತಿ ಸುಟ್ಟಿತ್ತು, ಹೊಸದು ಹಾಕಿದ. ಇನ್ನು ಗುಂಡಿ ಒತ್ತುವುದೊಂದೇ ಬಾಕಿ. ಆದರೆ ಒತ್ತಲಿಲ್ಲ.

"ಏನಾಗಿದೆ?" ಎಂದ ಮೇಲ್ವಿಚಾರಕ.

"ಎದೆ ಡಾಕ್ಟರಮ್ಮ ಬಂದು ನೋಡ್ಬೇಕು. ಅವರ ಒಪ್ಪಿಗೆ ಇಲ್ದೆ ಶುರು ಮಾಡೋ ಹಾಗಿಲ್ಲ."

ಬೇರೆ ಊರಿನಲ್ಲಾಗಿದ್ದರೆ ಇಂಥ ಮಾತಿಗೆ ಹಲ್ಲು ಉದುರುತ್ತಿತ್ತೋ ಏನೋ. ಆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ದುಡಿದ ಮೇಲ್ವಿಚಾರಕನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಎಷ್ಟು ಪ್ರತಿ ಬೇಕು?" ಎಂದಷ್ಟೇ ಕೇಳಿ ಮೇಲೆ ಹೋದ.

ಕೈ ತೊಳೆಯುವಾಗಲೇ ತೊಟ್ಟಿಯ ನೀರು ಮುಗಿದಿದ್ದರಿಂದ ಎದೆ ಡಾಕ್ಟರಮ್ಮ ಮೊಣಕೈವರೆಗಿನ ಸೋಪಿನ ನೊರೆಯ ಸಮೇತ ಇಳಿದು ಬಂದರು. ಕುಳ್ಳಗಿದ್ದರು, ಮುಖ ಕೆಂಡವಾಗಿತ್ತು. "ಯಾರ್ರೀ ಅದು? ಪಂಪಿಗೂ ನನಗೂ ಏನು ಸಂಬಂಧ?"

"ಹತ್ತೇ ನಿಮಿಷ ಡಾಕ್ಟ್ರೇ, ನೀರು ಬರುತ್ತೆ. ಬರೋವರೆಗೆ ಸುಮ್ನೆ ನಿಲ್ಲೋ ಬದಲು ಇವಳ ಎದೆ ಒಂದ್ಸಲ ಕೇಳಿಬಿಡಿ. ಇವಳೊಳಗೆ ಮೂರನೇ ಸದ್ದಿದೆ. ಸುಳ್ಳಾದ್ರೆ ಇನ್ನು ಈ ಕಟ್ಟಡದ ಕಡೆ ತಲೆ ಹಾಕಲ್ಲ."

ಡಾಕ್ಟರಮ್ಮ ಅವನನ್ನು ನೋಡಿದರು, ಸ್ಕ್ರೂಡ್ರೈವರ್ ನೋಡಿದರು, ಬಕೆಟ್ಟಿನ ಮೇಲೆ ನಾಚಿಕೆಯಿಂದ ಕುಗ್ಗಿ ಕೂತ ಹೆಂಗಸನ್ನು ನೋಡಿದರು. ಕೋಟಿಗೇ ನೊರೆ ಒರೆಸಿಕೊಂಡು ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸಿಕೊಂಡಾಗ ಅವರ ತುಟಿಯಲ್ಲಿ ನಗು ಇತ್ತು. ಸ್ವಲ್ಪ ಹೊತ್ತಿಗೆ ಆ ನಗು ಹೋಯಿತು. ಎಡಮಗ್ಗುಲಿಗೆ ವಾಲಿಸಿ ಮತ್ತೆ ಕೇಳಿದರು. ಆಮೇಲೆ ಅವರೇ ಅವಳ ತೋಳು ಹಿಡಿದು ಲಿಫ್ಟಿನ ಕಡೆ ನಡೆಸಿದರು. ಕಿವಿಯಣ್ಣ ಗುಂಡಿ ಒತ್ತಿ ಹಿಂದೆಯೇ ಓಡಿದ.

ಪರದೆಯ ಮೇಲೆ ಅವಳ ಹೃದಯ ಕಾಣಿಸಿತು. ಎಡಗಡೆಯ ಮೇಲಿನ ಕೋಣೆಯಲ್ಲಿ, ಗೋಡೆಯಿಂದ ತೊಟ್ಟಿನಲ್ಲಿ ನೇತುಬಿದ್ದ ಒಂದು ಮುದ್ದೆ, ಪ್ರತಿ ಬಡಿತಕ್ಕೂ ವಾಲ್ವಿನ ಬಾಗಿಲಿಗೆ ಹೋಗಿ ಬಡಿದು ಹಿಂದಕ್ಕೆ ಬರುತ್ತಿತ್ತು. ಕ್ಷಣದಲ್ಲಿ ಕೋಣೆ ತುಂಬಿತು. ತಲೆ ಡಾಕ್ಟರು ಬಂದರು, ತೊಡೆ ಡಾಕ್ಟರು ತಮ್ಮ ಹಳೆಯ ಕಡತ ಹಿಡಿದು ಬಂದರು, ಕಲಿಯುವ ಹುಡುಗಿಯರು ಕಾಲ್ಬೆರಳ ಮೇಲೆ ನಿಂತು ನೋಡಿದರು. "ಸ್ನಾಯುವಿನಲ್ಲೂ ಹೃದಯದಲ್ಲೂ ಒಂದೇ ಜಾತಿಯ ಗೆಡ್ಡೆ! ಒಬ್ಬರಲ್ಲೇ ಎರಡೂ! ಎಂಥ ಅಪರೂಪ!" ಎಂದು ಒಬ್ಬರಿಗೊಬ್ಬರು ಕೈ ಕುಲುಕಿದರು. ನಾಳದಲ್ಲಿ ಸಿಕ್ಕಿಕೊಂಡದ್ದು ಇದರ ಚೂರೇ ಇರಬೇಕೆಂದು ತಲೆ ಡಾಕ್ಟರು ತಾವೇ ಕಂಡುಹಿಡಿದವರ ಹಾಗೆ ವಿವರಿಸಿದರು. ಸಂಬಂಧ ಬೆಳೆಸಲು ಬಂದ ಬೀಗರ ಹಾಗೆ ಮೂರು ಮಹಡಿಯವರು ನಗುನಗುತ್ತಾ ನಿಂತಿದ್ದರು. ಮಂಚದ ಮೇಲಿದ್ದವಳು ಎಡಗೈ ಬೆರಳನ್ನು ತುಟಿಗೆ ತಂದು "ಶ್" ಎಂದಳು. ಎಲ್ಲರೂ ಸುಮ್ಮನಾದರು.

"ನಾಳೇನೇ ತೆಗೀಬೇಕು, ಕಾಯೋ ಹಾಗಿಲ್ಲ" ಎಂದರು ಡಾಕ್ಟರಮ್ಮ. "ಹೃದಯ ನಿಲ್ಲಿಸಿ ಒಳಗಿನದನ್ನ ತೆಗೀತೀವಿ. ಅಲ್ಲಿವರೆಗೆ ಒಂದು ಯಂತ್ರ ರಕ್ತ ಓಡಿಸುತ್ತೆ."

ಕಿವಿಯಣ್ಣ ಡಾಕ್ಟರಮ್ಮನ ಕಡೆ ತಿರುಗಿದ. "ನಿಲ್ಲಿಸ್ತೀರಾ?"

ಮೂವತ್ತೊಂದು ವರ್ಷ ಅವನು ಗಿರಾಕಿಗಳಿಗೆ ಹೇಳುತ್ತಾ ಬಂದದ್ದು ಒಂದೇ ಮಾತು. ಓಡುತ್ತಿರುವ ಹಳೇ ಪಂಪನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಮತ್ತೆ ಶುರುವಾಗುತ್ತದೆಂಬ ಭರವಸೆ ನಾನು ಕೊಡುವುದಿಲ್ಲ. ಎಷ್ಟು ಪಂಪುಗಳು ಹಾಗೆ ನಿಂತವು ನಿಂತೇ ಹೋಗಿದ್ದವು! "ಬೇಡ ಡಾಕ್ಟ್ರೇ, ಹಾಗೇ ಓಡ್ಲಿ ಬಿಡಿ" ಎಂದ. ಇಷ್ಟು ದಿನ ಬಿಚ್ಚಿ ನೋಡಿ ಎಂದು ಆಸ್ಪತ್ರೆಯನ್ನೇ ತಲೆಕೆಳಗು ಮಾಡಿದವನು ಈಗ ಬಾಗಿಲಿಗೆ ಅಡ್ಡ ನಿಂತ. ಅವನಿಗೆ ಭಯವಾಗಿತ್ತು, ಅಷ್ಟೇ. ಅವಳಿಲ್ಲದ ಮನೆ ಅವನ ಕಣ್ಣಿಗೆ ಕಟ್ಟಿತ್ತು.

"ರೀ, ಆ ಪೆನ್ನು ಇಲ್ಲಿ ಕೊಡಿ" ಎಂದಳು ಅವಳು. ಒಪ್ಪಿಗೆ ಪತ್ರಕ್ಕೆ ಬಲಗೈಯಲ್ಲೇ, ಒಂದೊಂದು ಅಕ್ಷರಕ್ಕೂ ಅರ್ಧ ನಿಮಿಷ ಹಿಡಿದು ಸಹಿ ಮಾಡಿದಳು.

ಮಾರನೆಯ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಅಂಟಿದ್ದ ಪೇಂಟರೊಬ್ಬ ಕೂತಿದ್ದ. ಅವನ ಅಣ್ಣ ಒಳಗಿದ್ದ. ಹೆದರಿದ ಕಿವಿಯಣ್ಣನಿಗೆ ಸುಮ್ಮನೆ ಕೂರಲಾಗಲಿಲ್ಲ, ಹತ್ತು ಗಂಟೆಗೆಲ್ಲ ಬಾಯಿ ತಾನಾಗಿ ಓಡತೊಡಗಿತು. "ಮೂವತ್ತು ವರ್ಷ ಆಯ್ತು ಅಣ್ಣಾ, ಒಂದು ದಿನಾನೂ ನನ್ನ ಮಾತು ಪೂರ್ತಿ ಕೇಳಿಲ್ಲ ಅವಳು. ಬಾಯಿ ತೆಗೆದ್ರೆ ಶ್ ಅಂತಾಳೆ. ನಂಟರು ಬಂದಾಗ್ಲೂ ಶ್, ಉಪ್ಪು ಕೇಳಿದ್ರೂ ಶ್..." ಹಳೆಯ ದೂರುಗಳು ಒಂದರ ಹಿಂದೊಂದು ಬಂದವು. ಪೇಂಟರು ಹೂಂಗುಟ್ಟುತ್ತಾ ಕೇಳಿದ, ಒಂದೆರಡು ಸಲ ನಕ್ಕ ಕೂಡ. ಮದುವೆಯ ವರ್ಷದಿಂದ ಶುರುವಾದದ್ದು ಮನೆ ಬದಲಾಯಿಸಿದ ವರ್ಷಕ್ಕೆ ಬಂದಿತ್ತು, ಅಷ್ಟರಲ್ಲಿ ಬಾಗಿಲು ತೆರೆಯಿತು.

"ತೆಗೆದಾಯ್ತು" ಎಂದರು ಡಾಕ್ಟರಮ್ಮ. "ಕೋಳಿಮೊಟ್ಟೆಯಷ್ಟಿತ್ತು."

"ಶುರುವಾಯ್ತಾ?"

"ರಕ್ತ ಬಿಟ್ವಿ, ತಾನಾಗೇ ಶುರುವಾಯ್ತು."

"ಎಷ್ಟು ಹೊತ್ತು ನಿಂತಿತ್ತು?"

"ನಲವತ್ತೊಂದು ನಿಮಿಷ. ಹತ್ತೂ ಇಪ್ಪತ್ತರಿಂದ ಹನ್ನೊಂದೂ ಒಂದರವರೆಗೆ."

ಕಿವಿಯಣ್ಣ ಗೋಡೆಯ ಗಡಿಯಾರ ನೋಡಿದ. ಆ ನಲವತ್ತೊಂದು ನಿಮಿಷವೂ ಅವಳ ಎದೆಯಲ್ಲಿ ಒಂದು ಬಡಿತವಿರಲಿಲ್ಲ, ಮತ್ತು ಆ ನಲವತ್ತೊಂದು ನಿಮಿಷವೂ ಅವನು ಅವಳ ಮೇಲೆ ದೂರು ಹೇಳುತ್ತಿದ್ದ. ಅಂತಾಳೆ, ಬಯ್ತಾಳೆ, ಬಿಡಲ್ಲ ಎನ್ನುತ್ತಿದ್ದ. ಅವನು ಗೋಡೆ ಹಿಡಿದು ನೆಲಕ್ಕೆ ಕುಸಿದು, ಯಾರ ಪರಿವೆಯೂ ಇಲ್ಲದೆ ಗಟ್ಟಿಯಾಗಿ ಅತ್ತ.

ಮರುದಿನ ಸಂಜೆ ಅವಳ ಬಾಯಿಂದ ಕೊಳವೆ ತೆಗೆದ ಮೇಲೆ ಅವನನ್ನು ಒಳಗೆ ಬಿಟ್ಟರು. ಅವನಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ನಿನ್ನ ಎದೆ ನಿಂತಿದ್ದಾಗ ನಾನು ಹೊರಗೆ ಕೂತು ನಿನ್ನ ಮೇಲೇ ದೂರು ಹೇಳ್ತಿದ್ದೆ ಕಣೆ. ತಪ್ಪಾಯ್ತು."

ಅವಳು ಅವನತ್ತ ಮುಖ ತಿರುಗಿಸಿದಳು. "ಯಾರ ಹತ್ರ?" ಗಂಟಲು ಒರಟಾಗಿತ್ತು, ಮಾತು ಸ್ಪಷ್ಟವಾಗಿತ್ತು.

"ಒಬ್ಬ ಪೇಂಟರು. ಅವನಣ್ಣಂಗೆ ಇನ್ನೂ ಎಚ್ಚರ ಆಗಿಲ್ಲ. ಅಲ್ಲೇ ಕೂತಿದ್ದಾನೆ, ನಿನ್ನೆಯಿಂದ ಒಬ್ಬನೇ."

"ಪೂರ್ತಿ ಹೇಳಿದ್ರಾ?"

"ಇಲ್ಲ. ಅರ್ಧದಲ್ಲಿ ಡಾಕ್ಟರಮ್ಮ ಬಂದ್ಬಿಟ್ರು."

"ಹೋಗಿ" ಎಂದಳು ಅವಳು. "ಮುಗಿಸಿ ಬನ್ನಿ."

ಅವನು ಹೊರಗೆ ಬಂದ. ಪೇಂಟರು ಮೊಣಕಾಲ ಮೇಲೆ ಕೈಯಿಟ್ಟು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಕಿವಿಯಣ್ಣ ಅವನ ಪಕ್ಕಕ್ಕೆ ಒತ್ತಿಕೊಂಡು ಕೂತು, ಮನೆ ಬದಲಾಯಿಸಿದ ವರ್ಷದಿಂದ ಮುಂದಕ್ಕೆ ಹೇಳತೊಡಗಿದ.