ಉಸಿರು ಬಿಗಿಹಿಡಿಯುವ ತಗಡಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾ ಕೇಂದ್ರದ ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ ಫ್ಯಾನು, ಏಸಿ ಎರಡೂ ಬಂದ್. ಮೇಜಿನ ಮುಂದೆ ಕುಳಿತ ತಗಡಕ್ಕ ನುಣುಪಾದ ಎರಡು ಉಕ್ಕಿನ ಹಾಳೆಗಳ ನಡುವೆ ಇಟ್ಟು ಲಟ್ಟಿಸಿದ ಒಂದು ಲೋಹದ ತಗಡನ್ನು ಸಣ್ಣ ಚಿಮಟದಿಂದ ಬಿಡಿಸುತ್ತಿದ್ದಾರೆ. ಹೆಬ್ಬೆರಳ ಉಗುರಿನಷ್ಟು ಅಗಲ, ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಉಸಿರು ತಾಗಿದರೂ ಹಾರಿಹೋಗುತ್ತದೆ. ಹಾಗಾಗಿ ಅಕ್ಕ ಉಸಿರು ಬಿಗಿಹಿಡಿದಿದ್ದಾರೆ. ಹೋದ ವಾರ ಬಿಟ್ಟುಬಿಟ್ಟಿದ್ದರು, ಅದೇ ಎಡವಟ್ಟಾದದ್ದು.

‘ಹೊರಗಡೆ ತಗಡು ಅಂದ್ರೆ ಬೈಗುಳ. ಇಲ್ಲಿ ಅದೇ ನನ್ನ ಹೆಸರು ನೋಡಿ’ ಎಂದು ನಗುವ ಈಕೆಗೆ ಕಸುಬು ಬಂದದ್ದು ಅಪ್ಪನಿಂದ. ಅವರು ಪಾತ್ರೆ ಕಾರ್ಖಾನೆಯಲ್ಲಿ ಲೋಹ ಲಟ್ಟಿಸುತ್ತಿದ್ದವರು. ‘ಆತುರ ಪಟ್ರೆ ಅಂಚು ಸೀಳುತ್ತೆ ಮಗಳೇ ಅಂತಿದ್ರು. ಅಷ್ಟು ಬಿಟ್ರೆ ಬೇರೆ ಪಾಠ ಏನೂ ಹೇಳ್ಲಿಲ್ಲ’ ಎನ್ನುತ್ತಾರೆ. ಬಸ್ ಓಡಿಸುವ ಗಂಡನದು ಬೇರೆಯೇ ದೂರು: ‘ಮನೇಲಿ ನಾನೊಂದು ನಿಟ್ಟುಸಿರು ಬಿಟ್ರೂ ಬಾಗಿಲ ಕಡೆ ಕೈ ತೋರಿಸ್ತಾಳೆ.’

ಇಷ್ಟೆಲ್ಲ ಪಡಿಪಾಟಲು ಯಾಕೆ? ಈ ತಗಡಿಗೆ ಯಂತ್ರದಿಂದ ವೇಗವಾದ ಕಣಗಳ ಧಾರೆ ಬಡಿಯುತ್ತದೆ. ಪರಮಾಣುಗಳ ಒಳಗಿನ ಬೀಜಗಳು, ಅಂದರೆ ನ್ಯೂಕ್ಲಿಯಸ್‌ಗಳು, ಒಂದಕ್ಕೊಂದು ಬೆಸೆದು, ಹೊಸ ಬೀಜ ಹುಟ್ಟಿ, ಗಿರಗಿರ ತಿರುಗುತ್ತ ಕಿರಣಗಳನ್ನು ಚೆಲ್ಲುತ್ತದೆ. ಕೆಲವು ಬೀಜಗಳಂತೂ ನೆಟ್ಟಗೆ ತಿರುಗುವುದೇ ಇಲ್ಲವಂತೆ. ಸೊಟ್ಟ ಆಲೂಗಡ್ಡೆಯನ್ನು ತಿರುಗಿಸಿ ಎಸೆದರೆ ಹೇಗೋ ಹಾಗೆ ಓಲಾಡುತ್ತ ಸುತ್ತುತ್ತವೆ. ಕೇಂದ್ರದ ವಿಜ್ಞಾನಿ ಮೇಡಂ ವರ್ಷಗಳಿಂದ ಹುಡುಕುತ್ತಿರುವುದು ಈ ಓಲಾಟವನ್ನೇ. ತಗಡು ದಪ್ಪವಾದರೆ ಕಿರಣಗಳ ಗುರುತು ಕಲಸಿಹೋಗುತ್ತದೆ, ಹರಿದರೆ ಪ್ರಯೋಗವೇ ಇಲ್ಲ.

ಹೋದ ವಾರ ತಗಡನ್ನು ಚೌಕಟ್ಟಿನ ಮೇಲೆ ಚೆನ್ನಾಗಿಯೇ ಕೂರಿಸಿದ್ದರು. ಅಂಟು ಆರುವುದೊಂದೇ ಬಾಕಿ. ಗೆದ್ದೆ ಎಂಬ ಖುಷಿಗೆ ಬಾಯಿಂದ ‘ಅಬ್ಬಾ’ ಎಂದು ಉಸಿರು ಹೊರಟಿತು. ತಗಡು ಎದ್ದು, ಮಡಚಿಕೊಂಡು, ಮೇಜಿನ ಅಂಚಿಗೆ ತಾಗಿ ಚಿಂದಿಯಾಯಿತು. ‘ಕೈ ಮಾಡಿದ್ದನ್ನ ಬಾಯಿ ಕೆಡಿಸ್ತು. ಮನೆಗೆ ಹೋಗಿ ಚೆನ್ನಾಗಿ ಅತ್ತೆ’ ಎನ್ನಲು ಅವರಿಗೆ ಸಂಕೋಚವಿಲ್ಲ.

ಆ ಅಪರೂಪದ ಲೋಹದಲ್ಲಿ ಇನ್ನುಳಿದಿದ್ದು ಒಂದೇ ಒಂದು ತಗಡಿಗಾಗುವಷ್ಟು. ಯಂತ್ರದ ಮುಂದೆ ಮೇಡಂ ತಂಡದ ಸರದಿ ಇವತ್ತೇ, ತಪ್ಪಿದರೆ ಮತ್ತೆ ಯಾವಾಗಲೋ. ಲೋಹವನ್ನು ಬೇರೆ ಕೇಂದ್ರಕ್ಕೆ ಕಳಿಸಿ ತಗಡು ಮಾಡಿಸೋಣ ಎಂಬ ಮಾತೂ ಎದ್ದಿತ್ತು. ‘ಅಕ್ಕನೇ ಮಾಡ್ಲಿ’ ಎಂದು ಮೇಡಂ ಪಟ್ಟು ಹಿಡಿದರು.

ಈಗ ತಗಡು ಚೌಕಟ್ಟಿನ ಮೇಲೆ ಇಳಿಯುತ್ತದೆ. ಒಂದು ಅಂಚು ಚೂರು ಮೇಲೇಳುತ್ತದೆ, ಕೂದಲಿನಂಥ ಕುಂಚದಿಂದ ಅಕ್ಕ ಅದನ್ನು ಪುಸಲಾಯಿಸಿ ಕೂರಿಸುತ್ತಾರೆ. ಆಮೇಲೆ ಉಸಿರು ಬಿಡದೆ ಎದ್ದು, ಬಾಗಿಲು ಎಳೆದುಕೊಂಡು, ಓಣಿಯ ಕೊನೆಯವರೆಗೆ ನಡೆದುಹೋಗಿ, ಗೋಡೆಗೆ ಮುಖ ಮಾಡಿ ‘ಅಬ್ಬಾ’ ಎನ್ನುತ್ತಾರೆ. ಅಂಟು ಆರುವ ತನಕ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ತಾವೂ ಹೋಗುವುದಿಲ್ಲ.

ಮಧ್ಯಾಹ್ನ ಧಾರೆ ಶುರುವಾಗುತ್ತದೆ. ತಗಡು ತಡೆದುಕೊಳ್ಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಕಿರಣಗಳ ಗುರುತಿನ ಗೆರೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಮೇಡಂ ಕೆಳಗಿಳಿದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

‘ಬೀಜ ಓಲಾಡ್ತಿದ್ಯಾ ಮೇಡಂ?’

‘ಈಗ್ಲೇ ಹೇಳೋಕಾಗಲ್ಲ ಅಕ್ಕ. ಲೆಕ್ಕ ಹಾಕೋಕೆ ತಿಂಗಳುಗಟ್ಟಲೆ ಬೇಕು.’

ಅಕ್ಕನಿಗೆ ಅದರಿಂದ ಬೇಸರವೇನಿಲ್ಲ. ಚಿಮಟ ಒರೆಸಿ ಡಬ್ಬಿಗೆ ಹಾಕಿ, ಫ್ಯಾನು ಜೋರಾಗಿ ಹಚ್ಚಿ, ಕುರ್ಚಿಗೆ ಒರಗುತ್ತಾರೆ. ‘ಅದು ಓಲಾಡುತ್ತೋ ಬಿಡುತ್ತೋ ಅವ್ರು ನೋಡ್ಕೊಳ್ಲಿ. ನನ್ನ ತಗಡು ಮಾತ್ರ ಅಲ್ಲಾಡ್ಲಿಲ್ಲ.’