ಬೀಗ ಹಾಕಿದ ಗೇಟಿಗೆ ಆಯುಧಪೂಜೆ

ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ ಊರಿನ ಹಳೆಯ ಕಾರ್ಖಾನೆಯೊಂದು ಈಗ ಕಾಫಿ ಅಂಗಡಿ. ಶನಿವಾರ ಅದರ ಮೂಲೆಯಲ್ಲಿ ಕೆಟ್ಟ ಸಾಮಾನುಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ. ನನ್ನ ಮಿಕ್ಸಿ ಹಿಡಿದು ಹೋಗಿದ್ದೆ. ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಅಮ್ಮನ ಸೆರಗು ನೆನಪಾಯಿತು.

ಬೆಂಗಳೂರಿನ ಅಂಚಿನ ನಮ್ಮ ಬಡಾವಣೆ ರೇಡಿಯೋ ಕಾರ್ಖಾನೆಯ ಸೈರನ್ ಕೇಳಿ ಏಳುತ್ತಿತ್ತು, ಉಣ್ಣುತ್ತಿತ್ತು. ಅಲ್ಲಿ ತಂತಿಗಳಿಗೆ ಬೆಸುಗೆ ಹಾಕುತ್ತಿದ್ದ ಅಮ್ಮನ ಸೀರೆಗಳಿಗೆಲ್ಲ ಸುಟ್ಟ ರಾಳದ ವಾಸನೆ. ಆಯುಧಪೂಜೆಯ ದಿನ ಮಾತ್ರ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ಯಂತ್ರಗಳಿಗೆ ಚೆಂಡುಹೂ, ನಮ್ಮ ಕೈಗೆ ಕಡ್ಲೆಪುರಿ.

ಕಾರ್ಖಾನೆ ಮುಚ್ಚಿದ ವರ್ಷವೂ ಹಬ್ಬದ ದಿನ ಅಮ್ಮ ಹೊಸ ಸೀರೆ ಉಟ್ಟು, ಮನೆಯಲ್ಲಿದ್ದ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಹಿಡಿದು, ನನ್ನನ್ನೂ ಎಳೆದುಕೊಂಡು ಗೇಟಿಗೆ ಹೋದಳು. ಜೊತೆಗೆ ದುಡಿದ ಹೆಂಗಸರೂ ಬಂದಿದ್ದರು. ಐರನ್ನನ್ನು ಗೇಟಿನ ಮುಂದಿಟ್ಟು ಕುಂಕುಮ ಹಚ್ಚಿದರು.

“ಮುಚ್ಚಿರೋ ಫ್ಯಾಕ್ಟ್ರಿಗೆ ಎಂಥಾ ಪೂಜೆನಮ್ಮಾ?” ಎಂದ ಕಾವಲುಗಾರ.

“ಗೇಟ್ ಮುಚ್ಚಿದಾರೆ ಕಣಪ್ಪ, ನಾವ್ ಕೆಲ್ಸ ಮರ್ತಿಲ್ವಲ್ಲ!” ಎಂದು ಅಮ್ಮ ಪೂಜೆಗೆ ತಂದಿದ್ದ ಬೂದುಗುಂಬಳವನ್ನು ಆ ಗೇಟಿನ ಬುಡಕ್ಕೇ ಅಪ್ಪಳಿಸಿದಳು. ಮಾರನೆಯ ದಿನದಿಂದ ಅಡುಗೆಮನೆ ಕಟ್ಟೆಯ ಮೇಲೆ ಊರವರ ರೇಡಿಯೋಗಳು ರಿಪೇರಿಯಾಗತೊಡಗಿದವು. ನನಗೂ ಬೆಸುಗೆ ಕಲಿಸಿದ್ದು ಅಲ್ಲೇ.

ಇಲ್ಲಿ ಕಾಫಿ ಅಂಗಡಿಯಲ್ಲಿ, ರಿಪೇರಿ ಮೇಜಿನಾಚೆಯ ಡಚ್ ಅಜ್ಜ ನನ್ನ ಮಿಕ್ಸಿಯನ್ನು ಬಿಚ್ಚಿ ನೋಡಿ, ಕನ್ನಡಕ ತೆಗೆದಿಟ್ಟ. ಇದರ ಕಾಲ ಮುಗಿಯಿತು, ಹೊಸದು ಕೊಳ್ಳುವುದೇ ವಾಸಿ ಎಂದ.

ಅವನ ಕೈಯಿಂದ ಐರನ್ ಇಸಿದುಕೊಂಡೆ. ನನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತಾಗಿಸಿ ಅದರ ಹಿಡಿಗೆ ಹಚ್ಚಿದೆ. ಅಜ್ಜ ಬೆರಗಾಗಿ ನೋಡುತ್ತಿದ್ದಂತೆ ಮಿಕ್ಸಿಯ ತಂತಿಗೆ ನಾನೇ ಬೆಸುಗೆ ಹಾಕತೊಡಗಿದೆ.

ನಾಳೆ ಬೆಳಿಗ್ಗೆ ಚಟ್ನಿ ಇದೇ ಮಿಕ್ಸಿಯಲ್ಲಿ.