ಒಳಗೆ ಬಿಡಬಾರದೆಂದು ಹೇಳಿದವರು ಯಾರು?

ಮೊನ್ನೆ ಗುಬ್ಬಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಅಂಗೈಗೆ ಸ್ಯಾನಿಟೈಸರ್ ಹಾಕಿ ಉಜ್ಜಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಆಸ್ಪತ್ರೆಯ ದಿನಗಳ ನಸೀಮಾ ನೆನಪಾದಳು. ಅವಳ ವಿಷಯ ನಿಮಗೆ ಹೇಳಲೇಬೇಕು; ಒಂದು ಕಾಲಕ್ಕೆ ಅವಳನ್ನು ನಾನು ಗೂಢಚಾರಿಣಿ ಎಂದೇ ನಂಬಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ತುಮಕೂರಿನ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ನಾನು ಹಿರಿಯ ನರ್ಸ್. ನಸೀಮಾ ಊರಿನ ಬಟ್ಟೆ ವ್ಯಾಪಾರಿಯ ಮಗಳು, ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡಿ ಬಂದವಳು. ನಮ್ಮ ಕೆಲಸಕ್ಕೆಲ್ಲ ಆಧಾರ ಹುಡುಕಿ ಮಾರ್ಗಸೂಚಿ ಬರೆಯುವ ಹೊಣೆ ಅವಳದು. ಏನು ಮಾಡಿದರೂ ಪಕ್ಕದಲ್ಲಿ ಬಂದು ನಿಂತು, "ಹೀಗೇ ಯಾಕೆ ಮಾಡ್ತೀರಿ ಅಕ್ಕ?" ಎನ್ನುತ್ತಿದ್ದಳು. ಕುಣಿಗಲ್‌ನಿಂದ ಕೆಲಸಕ್ಕೆ ಬರುತ್ತಿದ್ದ ನರ್ಸ್ ಪುಟ್ಟಲಕ್ಷ್ಮಿ ನನ್ನ ಕಿವಿಯಲ್ಲಿ ಉಸುರಿದಳು: "ಮ್ಯಾನೇಜ್‌ಮೆಂಟ್‌ನೋರು ಬಿಟ್ಟವ್ರೆ ಕಣೇ ಇವ್ಳನ್ನ. ಯಾರನ್ನ ತೆಗೀಬೇಕು ಅಂತ ನೋಡ್ತಾವ್ಳೆ." ಅಂದಿನಿಂದ ಅವಳು ಹತ್ತಿರ ಬಂದರೆ ನಮ್ಮ ಮಾತು ಹುಳಿಸಾರಿನ ರುಚಿಗೆ ತಿರುಗುತ್ತಿತ್ತು.

ಆಗಲೇ ಚೇಳೂರಿನ ಗಂಗಮ್ಮನ ಗಂಡನನ್ನು ಉಸಿರಾಟದ ಯಂತ್ರಕ್ಕೆ ಹಾಕಿದ್ದು. ಸೋಂಕು ತರುತ್ತಾರೆಂದು ರೋಗಿಯ ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ಗಂಗಮ್ಮ ಬಾಗಿಲ ಗಾಜಿಗೆ ಹಣೆ ಒತ್ತಿ ನಿಂತಿರುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಕೂಗಿಯೇಬಿಟ್ಟಳು: "ಸತ್ತೋಗವ್ನೆ ಕಣವ್ವ ನನ್ ಗಂಡ! ಹೆಣಕ್ಕೆ ಮಿಷಿನ್ ಹಾಕಿ ಎದೆ ಆಡ್ಸ್ತಾ ಇದೀರ. ನಂಗೊತ್ತಾಗಲ್ವಾ?"

ನನಗೆ ಸಿಟ್ಟು ಬಂತು. ನಸೀಮಾ ಮಾತ್ರ, "ಒಳಗೆ ಬಿಡಬಾರ್ದು ಅಂತ ಯಾರು ಹೇಳಿದ್ದು ಅಕ್ಕ?" ಎಂದಳು.

"ಮೊದ್ಲಿಂದ ಬಿಡಲ್ಲ."

"ಅದು ಕಾರಣ ಅಲ್ವಲ್ಲ. ಸೋಂಕು ಹೆಚ್ಚಾಗಿ ನಮ್ಮ ಕೈಯಿಂದ್ಲೇ ಹೋಗುತ್ತೆ ಅಂತ ಓದಿದೀನಿ. ಅವ್ರ ಕೈ ತೊಳ್ಸಿ ಬಿಟ್ಟು ನೋಡೋಣ."

ಇದು ಬಲೆಯೆಂದೇ ನನಗೆ ಅನ್ನಿಸಿತು. ಏನಾದರೂ ಆದರೆ ಹೋಗುವುದು ನನ್ನ ತಲೆ. ಆದರೆ ಅವಳು ಡಾಕ್ಟರನ್ನು ಒಪ್ಪಿಸಿ, ಹೊಣೆ ತನ್ನದೆಂದು ತನ್ನ ಹೆಸರನ್ನೇ ಬರೆದುಕೊಟ್ಟಳು. ಗೂಢಚಾರರು ಹಾಗೆ ಮಾಡುವುದನ್ನು ನಾನು ಕೇಳಿರಲಿಲ್ಲ.

ಗಂಗಮ್ಮ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದಳು. ಗಂಡನ ಪಾದ ಹಿಡಿದು, "ಬೆಚ್ಚಗವ್ನೆ" ಎಂದಳು. ಆಮೇಲೆ ಅವನ ಕಿವಿಯ ಬಳಿ, "ಎಮ್ಮೆ ಕರ ಹಾಕೈತೆ. ಹೆಣ್ಗರ" ಎಂದಳು. ಅವನ ಹೆಬ್ಬೆರಳು ಅಲುಗಿತು. ನಾನೂ ನೋಡಿದೆ.

ಆಮೇಲೆ ದಿನವೂ ಬಂದಳು. ಆದರೂ ಅವನು ಉಳಿಯಲಿಲ್ಲ. ಗಲಾಟೆಗೆ ಹೆದರಿ ನಾವು ಗೋಡೆಗೆ ಒರಗಿ ನಿಂತಿದ್ದರೆ ಅವಳೇ ಹೇಳಿದಳು: "ಬೆಳಗ್ಗಿಂದ ಕಾಲು ತಣ್ಣಗಾಗ್ತಾ ಇತ್ತು, ನಾನೇ ನೋಡ್ದೆ. ಇನ್ ಬುಡ್ರವ್ವ."

ಮುಂದೆ ಬೇರೆ ರೋಗಿಗಳ ಮನೆಯವರನ್ನೂ ಹೀಗೇ ಬಿಟ್ಟು ತಿಂಗಳುಗಟ್ಟಲೆ ನಾವು ಕಣ್ಣಿಟ್ಟು ನೋಡಿದೆವು. ಮನೆಯವರು ಬಂದರೆಂದು ಸೋಂಕು ಹೆಚ್ಚಲಿಲ್ಲ. ಭೇಟಿಯ ಹೊಸ ನಿಯಮದ ಮೊದಲ ಕರಡು ಬರೆದವಳು, ನೀವು ನಂಬುತ್ತೀರೋ ಇಲ್ಲವೋ, ಪುಟ್ಟಲಕ್ಷ್ಮಿ.

ಅನುಮಾನದ ಗುಣ ನನ್ನನ್ನು ಇನ್ನೂ ಬಿಟ್ಟಿಲ್ಲ. ದಿಕ್ಕು ಬದಲಿಸಿದೆ, ಅಷ್ಟೇ. ನಿನ್ನೆ ಸೊಸೆಗೆ, "ನೆಗಡಿ ಆಗಿರೋ ಮಗೂಗೆ ಬಾಳೆಹಣ್ಣು ಕೊಡ್ಬೇಡ" ಎಂದೆ.

"ತಿಂದ್ರೆ ಏನಾಗುತ್ತೆ ಅತ್ತೆ?"

"ಮೊದ್ಲಿಂದ ಕೊಡಲ್ಲ" ಅನ್ನುವಷ್ಟರಲ್ಲಿ ನಸೀಮಾ ನೆನಪಾದಳು. ಹಣ್ಣು ಸುಲಿದು ನಾನೇ ಕೊಟ್ಟೆ.